ಬೈಕಂಪಾಡಿಯ ತೂಕದಿಂದ ರಾಮಗಢದ ದಾರಿಗೆ: ನನ್ನ ಪಿಕಪ್‌ನ ಸಸ್ಪೆನ್ಷನ್ ಕೆಲಸ

ಹಿಂದಿನ ವರ್ಷ ಜನವರಿಯಲ್ಲಿ ಜೈಸಲ್ಮೇರ್‌ನಿಂದ ರಾಮಗಢ ದಾಟಿ ಒಂದು ಜಲ್ಲಿ ದಾರಿ ಹಿಡಿದಿದ್ದೆವು. ಮೊದಲ ಅರ್ಧ ಗಂಟೆ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಹಿಂಭಾಗ ಮಲ್ಪೆಯ ಬೋಟಿನ ಹಾಗೆ ಏಳುವುದು, ಬೀಳುವುದು ಶುರುವಾಯಿತು. ನಿಲ್ಲಿಸಿ ಅಡಿಗೆ ಬಗ್ಗಿ ನೋಡಿದೆ. ಹಿಂದಿನ ಎರಡೂ ಶಾಕ್‌ಗಳಿಂದ (ಶಾಕ್ ಅಬ್ಸಾರ್ಬರ್) ಎಣ್ಣೆ ಇಳಿದು, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಮುಟ್ಟಲು ಆಗದಷ್ಟು ಬಿಸಿ. ಅಲ್ಲಿಂದ ಮಂಗಳೂರಿಗೆ ಸುಮಾರು 2000 ಕಿ.ಮೀ. ಅಷ್ಟು ದೂರವನ್ನೂ ಗಾಡಿ ತೂಗಾಡುತ್ತಲೇ ಬಂತು.

ಗಾಡಿ 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2.5 ಲೀಟರ್ ಡೀಸೆಲ್. ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನು ಚಾಸಿಗೆ ಹಿಡಿಯುವ ಎರಡು ಆರ್ಮ್, ಮೇಲೊಂದು ಕೆಳಗೊಂದು), ಕಾಯಿಲ್ ಸ್ಪ್ರಿಂಗ್. ಹಿಂದೆ ಗಟ್ಟಿ ಆ್ಯಕ್ಸಲ್, ಕಮಾನು ಪ್ಲೇಟ್. ಊರಿಗೆ ಬಂದು ಕಂಪನಿಯ ಶಾಕ್‌ನಂಥದ್ದೇ ಹೊಸ ಜೋಡಿ ಹಾಕಿಸಿ ಮಳೆಗಾಲ ಕಳೆದೆ. ಅಕ್ಟೋಬರ್ ಬಂದಾಗ, ಈ ಸಲ ಸರಿಯಾಗಿ ಲೆಕ್ಕ ಹಾಕಿಯೇ ಮಾಡೋಣ ಅಂತ ಶುರು ಮಾಡಿದೆ.

ಸಸ್ಪೆನ್ಷನ್ ಅಂದ ಕೂಡಲೇ ನಮ್ಮಲ್ಲಿ ಮೊದಲು ಕೇಳುವುದು "ಎಷ್ಟು ಇಂಚು ಎತ್ತಿಸಿದಿರಿ?" ಅಂತ. ನಾನೂ ಹಾಗೆಯೇ ಕೇಳುತ್ತಿದ್ದೆ. ಎರಡು ವರ್ಷ ಹಿಂದೆ ಒಂದು ಅಂಗಡಿಯಲ್ಲಿ ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಸೇರಿದ ಜೋಡಣೆ) ಮೇಲೆ 25 ಮಿ.ಮೀ. ಸ್ಪೇಸರ್ ಇಡಿಸಿದ್ದೆ. ಅದರಿಂದ ಗಾಡಿಯ ಮುಂಭಾಗ 45 ಮಿ.ಮೀ. ಎದ್ದಿತು, ಯಾಕೆಂದರೆ ಸ್ಟ್ರಟ್ ಕೆಳಗಿನ ಆರ್ಮಿನ ಮಧ್ಯದಲ್ಲಿ ಕೂತಿರುತ್ತದೆ. ನೋಡಲು ಚೆಂದ. ಆದರೆ ಶಾಕ್ ಒಳಗಿನ ಓಟ, ಅಂದರೆ ಅದು ಕುಗ್ಗಿ ಹಿಗ್ಗುವ ಉದ್ದ, ಒಂದಿಷ್ಟೂ ಹೆಚ್ಚಿರಲಿಲ್ಲ. ಚಕ್ರ ಕೆಳಗೆ ಇಳಿಯಬೇಕಾದ ಜಾಗ ಕಡಿಮೆಯಾಯಿತು. ಪ್ರತಿ ಹಂಪಿನ ಆಚೆ "ಟಕ್" ಅಂತ ಶಬ್ದ. ಎಂಟು ತಿಂಗಳಲ್ಲಿ ಎಡಗಡೆಯ ಡ್ರೈವ್ ಶಾಫ್ಟ್ ಬೂಟ್ (ಕೀಲಿನ ರಬ್ಬರ್ ಹೊದಿಕೆ) ಹರಿದು ಗ್ರೀಸ್ ಎಲ್ಲ ರಿಮ್ಮಿಗೆ ಚೆಲ್ಲಿತು. ಆ ಸ್ಪೇಸರ್ ಈಗ ನನ್ನ ಶೆಡ್ಡಿನ ಕಪಾಟಿನಲ್ಲಿ ಉಂಟು.

ಈ ಸಲ ಮೊದಲ ಕೆಲಸವೇ ತೂಕ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ವೇಬ್ರಿಜ್‌ಗೆ ಹೋಗಿ ಮುಂದಿನ ಆ್ಯಕ್ಸಲ್ ಬೇರೆ, ಹಿಂದಿನ ಆ್ಯಕ್ಸಲ್ ಬೇರೆ ತೂಗಿಸಿದೆ. ಮೊದಲು ಖಾಲಿ ಗಾಡಿ, ಫುಲ್ ಡೀಸೆಲ್, ನಾನೊಬ್ಬ. ಮುಂದೆ 1130 ಕೆ.ಜಿ., ಹಿಂದೆ 860. ಮನೆಗೆ ಬಂದು ಜೈಸಲ್ಮೇರ್‌ಗೆ ಒಯ್ಯುವುದನ್ನೆಲ್ಲ ತುಂಬಿದೆ. ಎರಡು ಜೆರ್ರಿ ಕ್ಯಾನ್ ಡೀಸೆಲ್, 60 ಲೀಟರ್ ನೀರು, ಇನ್ನೊಂದು ಸ್ಪೇರ್ ಟಯರ್, ಹೈ-ಲಿಫ್ಟ್ ಜಾಕ್, ರಿಕವರಿ ಬೋರ್ಡ್, ಟೂಲ್ಸ್, ಅಡುಗೆ ಸಾಮಾನು, ಪಕ್ಕದ ಸೀಟಿನಲ್ಲಿ ಗೆಳೆಯ. ಮತ್ತೆ ತೂಗಿಸಿದರೆ ಮುಂದೆ 1190, ಹಿಂದೆ 1170.

ಈ ನಾಲ್ಕು ಅಂಕಿ ನೋಡಿದಾಗಲೇ ಅರ್ಧ ಉತ್ತರ ಸಿಕ್ಕಿತು. ಸಾಮಾನು ತುಂಬಿದರೂ ಮುಂದೆ ಬರೀ 60 ಕೆ.ಜಿ. ಹೆಚ್ಚು. ಹಿಂದೆ 310. ಕಿಟ್ ಮಾರುವವರು ಸಾಮಾನ್ಯವಾಗಿ ಕೊಡುವ ಮುಂದಿನ ಸ್ಪ್ರಿಂಗ್ ಉಕ್ಕಿನ ಬಂಪರ್ ಮತ್ತು ವಿಂಚ್ ಇರುವ ಗಾಡಿಯ ಲೆಕ್ಕದ್ದು. ಕ್ರ್ಯಾಶ್ ಗಾರ್ಡ್ ವಿರುದ್ಧ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯದ ಸೂಚನೆ ಬಂದಿದೆ. ನನ್ನ ಗಾಡಿಯಲ್ಲಿ ಅದು ಇಲ್ಲ, ಹಾಕಿಸುವುದೂ ಇಲ್ಲ. ಹಾಗಿರುವಾಗ ಆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಮುಂಭಾಗ ಸುಮ್ನೆ ಮರದ ದಿಮ್ಮಿಯ ಹಾಗೆ ಕೂರುತ್ತದೆ.

ಮುಂದಿನ ಸ್ಪ್ರಿಂಗ್ ಆರಿಸಲು ಇನ್ನೊಂದು ಅಳತೆ ಬೇಕಿತ್ತು. ಸ್ಪ್ರಿಂಗ್ ಬಿಚ್ಚಿಟ್ಟು, ಸ್ಟ್ರಟ್ ಮಾತ್ರ ಕೂರಿಸಿ, ಚಕ್ರವನ್ನು ಜಾಕಿನಿಂದ 100 ಮಿ.ಮೀ. ಎತ್ತಿದೆ. ಶಾಕ್ ಒಳಗೆ ಹೋದದ್ದು 55 ಮಿ.ಮೀ. ಅಂದರೆ ಅನುಪಾತ 0.55. ಸ್ಪ್ರಿಂಗಿನ ಗಟ್ಟಿತನ ಚಕ್ರಕ್ಕೆ ಬರುವಾಗ ಈ ಸಂಖ್ಯೆಯ ವರ್ಗದಿಂದ ಇಳಿಯುತ್ತದೆ, 0.30. ಒಂದು ಮಿ.ಮೀ.ಗೆ 110 ನ್ಯೂಟನ್ ಬಲದ ಸ್ಪ್ರಿಂಗ್ ಹಾಕಿದರೆ ಚಕ್ರದಲ್ಲಿ ಸಿಗುವುದು 33. ಚಕ್ರ, ಹಬ್ ಬಿಟ್ಟು ಮೇಲೆ ಕೂರುವ ತೂಕ ಒಂದು ಬದಿಗೆ ಸುಮಾರು 540 ಕೆ.ಜಿ. ಲೆಕ್ಕ ಮಾಡಿದರೆ ಮುಂಭಾಗ ಸೆಕೆಂಡಿಗೆ 1.25 ಸಲ ತೂಗುತ್ತದೆ. ಇದು ಮನುಷ್ಯರ ಬೆನ್ನಿಗೆ ಹಿತವಾದ ವೇಗ. ನಾವು ನಡೆಯುವಾಗ ದೇಹ ಏಳುಬೀಳುವುದು ಇದಕ್ಕಿಂತ ಜಾಸ್ತಿ ವೇಗದಲ್ಲಿ. 110ರ ಸ್ಪ್ರಿಂಗ್ ತರಿಸಿದೆ. ಎತ್ತರ 35 ಮಿ.ಮೀ. ಮಾತ್ರ ಹೆಚ್ಚಾಯಿತು. ಶಾಫ್ಟಿನ ಕೋನ ಹಿಡಿತದಲ್ಲಿ ಉಳಿಯಿತು, ಮೇಲಿನ ಆರ್ಮ್ ಬದಲಿಸುವ ಖರ್ಚೂ ಉಳಿಯಿತು.

ಹಿಂಭಾಗದ ಕೆಲಸಕ್ಕೆ ಲಾರಿಗಳ ಕಮಾನು ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಗಾಡಿಯ ಅಡಿಗೆ ಇಣುಕಿ ಕೇಳಿದ ಮೊದಲ ಮಾತೇ, "ನಿಮಗೆ ಎತ್ತರ ಬೇಕಾ, ಹೊರುವ ಶಕ್ತಿ ಬೇಕಾ? ಎರಡೂ ಬೇರೆ ಬೇರೆ ಉಂಟು ಮಾರಾಯ್ರೇ." ಆ್ಯಕ್ಸಲ್ ಮತ್ತು ಪ್ಲೇಟ್ ನಡುವೆ ಕಬ್ಬಿಣದ ಬ್ಲಾಕ್ ಇಟ್ಟರೆ ಎತ್ತರ ಬರುತ್ತದೆ. ಆದರೆ ಮರಳಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆ್ಯಕ್ಸಲ್ ತಿರುಚುವ ಬಲ ಅಷ್ಟೇ ಉದ್ದದ ಸನ್ನೆ ಹಿಡಿದು ಪ್ಲೇಟನ್ನು ಎಸ್ ಆಕಾರಕ್ಕೆ ಬಗ್ಗಿಸುತ್ತದೆ. ಬ್ಲಾಕ್ ಬೇಡ ಅಂತ ಇಬ್ಬರೂ ಒಪ್ಪಿದೆವು.

ನನ್ನ ಸೆಟ್ಟಿನಲ್ಲಿ ಕೆಲಸ ಮಾಡುವ ಪ್ಲೇಟ್ ಮೂರು, ಅಡಿಯಲ್ಲಿ ಒಂದು ದಪ್ಪ ಓವರ್‌ಲೋಡ್ ಪ್ಲೇಟ್. 310 ಕೆ.ಜಿ. ಹೇರಿದಾಗ ಮಡ್‌ಗಾರ್ಡ್ ಅಂಚು 62 ಮಿ.ಮೀ. ಇಳಿದಿತ್ತು. ಅಂದರೆ ಒಂದು ಬದಿಗೆ ಮಿ.ಮೀ.ಗೆ 24.5 ನ್ಯೂಟನ್. ಖಾಲಿ ಗಾಡಿಯಲ್ಲಿ ಬಂಪ್ ಸ್ಟಾಪ್‌ಗೆ (ಆ್ಯಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ಇದ್ದ ಅಂತರ 95 ಮಿ.ಮೀ. ಅದರಲ್ಲಿ 62 ಹೋದರೆ ಉಳಿದದ್ದು 33. ನಾಲ್ಕು ಬೆರಳಿಗೂ ಕಡಿಮೆ ಜಾಗದಲ್ಲಿ ಮರುಭೂಮಿ ದಾಟಲು ಹೊರಟಿದ್ದೆ ಅಂತ ಆಗ ಗೊತ್ತಾಯಿತು. ಶಾಕ್ ಸತ್ತದ್ದು ಬರೀ ಶಾಕಿನ ತಪ್ಪಲ್ಲ.

ಪ್ಲೇಟಿನ ಲೆಕ್ಕ ಸರಳ. ಅಗಲ, ದಪ್ಪ, ಉದ್ದ ಒಂದೇ ಇದ್ದರೆ ಗಟ್ಟಿತನ ಪ್ಲೇಟುಗಳ ಸಂಖ್ಯೆಯ ಜೊತೆ ಏರುತ್ತದೆ. ಮೂರು ನಾಲ್ಕಾದರೆ 24.5 ಹೋಗಿ 33ರ ಹತ್ತಿರ ಬರಬೇಕು. ಅದೇ ದಪ್ಪವನ್ನು ಹೆಚ್ಚಿಸಿದರೆ ಘನದ ಲೆಕ್ಕದಲ್ಲಿ ಏರಿಬಿಡುತ್ತದೆ. ಹಾಗಾಗಿ ಅದೇ ದಪ್ಪದ ಒಂದು ಉದ್ದ ಪ್ಲೇಟ್ ಕತ್ತರಿಸಿದರು, ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಬಡಿದು ಕಮಾನು ಕೊಟ್ಟರು, ಉಳಿದ ಮೂರಕ್ಕೂ ಸ್ವಲ್ಪ ಬಾಗು ಹೆಚ್ಚಿಸಿದರು. ಒಂದೊಂದು ಏಟಿಗೂ ಪ್ಲೇಟನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದರು. ಅಳತೆಪಟ್ಟಿ ಮುಟ್ಟಲೇ ಇಲ್ಲ. ಕೊನೆಗೆ ಎಡ-ಬಲ ಸೆಟ್ ಜೋಡಿಸಿ ಅಳೆದರೆ ವ್ಯತ್ಯಾಸ 2 ಮಿ.ಮೀ. ಅಷ್ಟು ನಿಖರವಾದ ಕೈ ನಾನು ನೋಡಿದ್ದು ಕಡಿಮೆ.

ಜೋಡಿಸುವಾಗ ನನ್ನಿಂದ ಒಂದು ತಪ್ಪಾಯಿತು. ಗಾಡಿ ಸ್ಟ್ಯಾಂಡಿನ ಮೇಲಿದ್ದಾಗಲೇ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಬೋಲ್ಟ್‌ಗಳನ್ನು ಪೂರ್ತಿ ಬಿಗಿದುಬಿಟ್ಟೆ. ರಬ್ಬರ್ ಬುಷ್ ತಿರುಗುವ ಬೇರಿಂಗ್ ಥರ ಅಲ್ಲ, ಅದು ತಿರುಚಿಕೊಂಡು ಕೆಲಸ ಮಾಡುತ್ತದೆ. ಚಕ್ರ ತೂಗುತ್ತಿದ್ದಾಗ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ಬುಷ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಸುರತ್ಕಲ್‌ಗೆ ಎರಡು ಸಲ ಹೋಗಿ ಬರುವುದರೊಳಗೆ ಬಲಗಡೆ ಬುಷ್ ಅಂಚಿನಲ್ಲಿ ಬಿರುಕು ಕಂಡಿತು. ಹೊಸ ಬುಷ್ ತಂದು ಎಲ್ಲ ಬೋಲ್ಟ್ ಕೈಬಿಗಿಯಲ್ಲಿ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಹಿಂದೆ ನೀರಿನ ಕ್ಯಾನ್ ಹೇರಿ, ಅದರ ನಂತರ ಟಾರ್ಕ್ ರೆಂಚ್ ಹಿಡಿದೆ. ಯು ಬೋಲ್ಟ್‌ಗಳನ್ನು 500 ಕಿ.ಮೀ. ಆದ ಮೇಲೆ ಮತ್ತೆ ಬಿಗಿದೆ. ಅರ್ಧ ಸುತ್ತು ತೆಗೆದುಕೊಂಡವು.

ಪ್ಲೇಟ್ ಕೂತ ಮೇಲೆ ಮತ್ತೆ 310 ಕೆ.ಜಿ. ಹೇರಿದೆ. 47 ಮಿ.ಮೀ. ಇಳಿಯಿತು, ಲೆಕ್ಕಕ್ಕೆ ಹತ್ತಿರ. ಖಾಲಿ ಎತ್ತರ 30 ಮಿ.ಮೀ. ಹೆಚ್ಚಿದ್ದರಿಂದ ಹೊರೆ ಹೊತ್ತಾಗಲೂ ಬಂಪ್ ಸ್ಟಾಪ್‌ಗೆ 78 ಮಿ.ಮೀ. ಉಳಿಯಿತು. ಹಿಂಭಾಗ ತೂಗುವುದು ಸೆಕೆಂಡಿಗೆ 1.31 ಸಲ, ಮುಂಭಾಗಕ್ಕಿಂತ ಸ್ವಲ್ಪ ವೇಗ. ಇದು ಬೇಕಂತಲೇ ಮಾಡಿದ್ದು. ಹಂಪ್ ಮೊದಲು ಮುಂದಿನ ಚಕ್ರಕ್ಕೆ ಬಡಿಯುತ್ತದೆ, ಆಮೇಲೆ ಹಿಂದಿನದಕ್ಕೆ. ಹಿಂಭಾಗ ಸ್ವಲ್ಪ ವೇಗವಾಗಿ ತೂಗಿದರೆ ಮುಂಭಾಗವನ್ನು ಹಿಡಿದು ಸೇರಿಕೊಳ್ಳುತ್ತದೆ, ಗಾಡಿ ತೊಟ್ಟಿಲಾಗುವುದಿಲ್ಲ. ಖಾಲಿ ಇದ್ದಾಗ ಮಾತ್ರ ಇದು 1.6 ಆಗುತ್ತದೆ. ಪಂಪ್‌ವೆಲ್ ಕಡೆ ಹೊಂಡಗಳಲ್ಲಿ ಅದು ಬೆನ್ನಿಗೆ ಗೊತ್ತಾಗುತ್ತದೆ. ಆ ಬೆಲೆ ಕೊಡಲು ನಾನು ಸಿದ್ಧ.

ಈಗ ಶಾಕ್. ನನಗೆ ಹೆಚ್ಚು ನಿದ್ದೆ ಕೆಡಿಸಿದ್ದು ಇದೇ.

ಮರುಭೂಮಿ ಅಂದರೆ ದಿಬ್ಬ ಹಾರುವುದು ಅಂತ ವಿಡಿಯೊಗಳಲ್ಲಿ ನೋಡಿರುತ್ತೇವೆ. ಡಕಾರ್ ರ‍್ಯಾಲಿಯ ಟಿ1 ಪ್ಲಸ್ ವರ್ಗದ ಗಾಡಿಗಳಿಗೆ 2022ರಿಂದ 350 ಮಿ.ಮೀ. ಚಕ್ರದ ಓಟಕ್ಕೆ ಅನುಮತಿ ಉಂಟು. ನನ್ನ ಗಾಡಿಯಲ್ಲಿ ಹಿಂದೆ ಇರುವುದು 220. ಹಾರುವ ಮಾತೇ ಇಲ್ಲ. ಥಾರ್‌ನ ಮೆತ್ತನೆ ಮರಳು ಶಾಕ್‌ಗೆ ಅಷ್ಟು ಹೊಡೆತ ಕೊಡುವುದೂ ಇಲ್ಲ. ಅಲ್ಲಿ ಟಯರ್ 16-18 ಪಿಎಸ್‌ಐಗೆ ಇಳಿಸಿ ನಿಧಾನ ಹೋಗುತ್ತೇವೆ. ಹೊಡೆತ ಕೊಡುವುದು ಎರಡು: ಸೇವಣ ಹುಲ್ಲಿನ ಬುಡದಲ್ಲಿ ಮರಳು ಸೇರಿ ಗಟ್ಟಿಯಾದ ಗುಪ್ಪೆಗಳು, ಮತ್ತು ಜಲ್ಲಿ ದಾರಿಯ ಅಲೆ. ಬಟ್ಟೆ ಒಗೆಯುವ ಕಲ್ಲಿನ ಗೆರೆಗಳ ಹಾಗೆ ದಾರಿಗೆ ಅಡ್ಡಲಾಗಿ ಏಳುವ ಆ ಅಲೆಗಳು ಕಿಲೋಮೀಟರ್‌ಗಟ್ಟಲೆ ಬಿಡುವಿಲ್ಲದೆ ಬರುತ್ತವೆ.

ಶಾಕ್ ಮಾಡುವ ಕೆಲಸ ಒಂದೇ. ಸ್ಪ್ರಿಂಗಿನ ಕುಣಿತವನ್ನು ಎಣ್ಣೆಯ ಬಿಸಿಯಾಗಿ ಬದಲಿಸುವುದು. ಒಳಗೆ ಪಿಸ್ಟನ್ ಎಣ್ಣೆಯನ್ನು ಸಣ್ಣ ದಾರಿಯಲ್ಲಿ ತಳ್ಳುತ್ತದೆ, ಎಣ್ಣೆ ಬಿಸಿಯಾಗುತ್ತದೆ, ಆ ಬಿಸಿ ಕೊಳವೆಯ ಮೈಯಿಂದ ಗಾಳಿಗೆ ಹೋಗಬೇಕು. ಸಾಮಾನ್ಯ ಟ್ವಿನ್ ಟ್ಯೂಬ್ ಶಾಕ್‌ನಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ. ಕೆಲಸ ಮಾಡುವ ಎಣ್ಣೆ ಒಳಗಡೆ, ಹೊರಗಡೆ ಅರ್ಧ ಎಣ್ಣೆ, ಅರ್ಧ ಗ್ಯಾಸ್. ಬಿಸಿ ಹೊರಬರಲು ಎರಡು ಗೋಡೆ ದಾಟಬೇಕು. ಜೋರಾಗಿ ಕುಲುಕಿದರೆ ಎಣ್ಣೆ, ಗ್ಯಾಸ್ ಕಲೆತು ನೊರೆಯಾಗುತ್ತದೆ. ಮಜ್ಜಿಗೆ ಕಡೆದ ಹಾಗೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ರಾಮಗಢದಲ್ಲಿ ಅರ್ಧ ಗಂಟೆಗೆ ನನಗೆ ಆದದ್ದು ಇದೇ.

ಮೋನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ತುದಿಯಲ್ಲಿ ತೇಲುವ ಪಿಸ್ಟನ್ ಒಂದು ಎಣ್ಣೆಯನ್ನೂ ಒತ್ತಡದ ನೈಟ್ರೋಜನ್ನನ್ನೂ ಬೇರೆ ಇಡುತ್ತದೆ. ನೊರೆಯಾಗುವ ಪ್ರಶ್ನೆ ಬಹುತೇಕ ಮುಗಿಯಿತು. ಇದು ಫ್ರಾನ್ಸಿನ ಡಿ ಕಾರ್ಬೋನ್ ಅವರ ಯೋಚನೆ. ಬಿಲ್‌ಸ್ಟೈನ್ ಕಂಪನಿ 1957ರಲ್ಲಿ ಮರ್ಸಿಡಿಸ್ ಕಾರುಗಳಿಗಾಗಿ ಅದನ್ನು ಹೆಚ್ಚು ಸಂಖ್ಯೆಯಲ್ಲಿ ಮಾಡತೊಡಗಿತು. ಅದರ ದೌರ್ಬಲ್ಯ ಒಂದೇ. ಹೊರಗಿನ ಕೊಳವೆಯ ಒಳಮೈಯಲ್ಲೇ ಪಿಸ್ಟನ್ ಓಡುವುದರಿಂದ, ಕಲ್ಲು ಬಡಿದು ತಗ್ಗಾದರೆ ಶಾಕ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬ್‌ಗೆ ಸಣ್ಣ ತಗ್ಗು ಲೆಕ್ಕಕ್ಕಿಲ್ಲ.

ನಡುವೆ ಫೋಮ್ ಸೆಲ್ ಅಂತ ಒಂದು ಉಂಟು, ಆಸ್ಟ್ರೇಲಿಯಾದವರಿಗೆ ಇಷ್ಟ. ಟ್ವಿನ್ ಟ್ಯೂಬೇ, ಆದರೆ ಗ್ಯಾಸ್ ಇರುವ ಜಾಗದಲ್ಲಿ ಮುಚ್ಚಿದ ಗುಳ್ಳೆಗಳ ಫೋಮ್ ಸುತ್ತಿರುತ್ತಾರೆ. ಗ್ಯಾಸ್ ಫೋಮಿನೊಳಗೆ ಬಂದಿ, ಎಣ್ಣೆಗೆ ಕಲೆಯುವುದಿಲ್ಲ. ಕೊಳವೆ ದಪ್ಪ, ಎಣ್ಣೆ ಜಾಸ್ತಿ. ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಆದರೆ ಬಿಸಿಯಾದರೆ ತಣಿಯಲೂ ಹೊತ್ತು ಹಿಡಿಯುತ್ತದೆ.

ಮುಂದೆ ಫೋಮ್ ಸೆಲ್, ಹಿಂದೆ ರಿಮೋಟ್ ರಿಸರ್ವಾಯರ್ ಇರುವ ಮೋನೋಟ್ಯೂಬ್. ಇದು ನನ್ನ ತೀರ್ಮಾನ. ನಾಲ್ಕಕ್ಕೂ ರಿಸರ್ವಾಯರ್ ಹಾಕಲು ದುಡ್ಡು ಸಾಲಲಿಲ್ಲ, ಅದು ಒಂದು. ಇನ್ನೊಂದು, ಮೊದಲು ಸತ್ತದ್ದು ಹಿಂದಿನವು. ಗಟ್ಟಿ ಆ್ಯಕ್ಸಲ್, ಡಿಫರೆನ್ಷಿಯಲ್, ಚಕ್ರ ಸೇರಿ ಸುಮಾರು 220 ಕೆ.ಜಿ. ಸ್ಪ್ರಿಂಗಿನ ಕೆಳಗೆ ಕುಣಿಯುತ್ತದೆ. ಅದನ್ನು ಹಿಡಿಯುವ ಕೆಲಸ ಆ ಎರಡು ಶಾಕ್‌ಗಳದ್ದೇ. ರಿಸರ್ವಾಯರ್ ಇದ್ದರೆ ಗ್ಯಾಸ್ ಮತ್ತು ತೇಲುವ ಪಿಸ್ಟನ್ ಹೊರಗಿನ ಡಬ್ಬಿಗೆ ಹೋಗುತ್ತದೆ, ಮುಖ್ಯ ಕೊಳವೆಯಲ್ಲಿ ಪೂರ್ತಿ ಉದ್ದ ಓಟಕ್ಕೆ ಸಿಗುತ್ತದೆ. ನಾನು ಅಳೆದ ಪ್ರಕಾರ ಬಂಪ್ ಸ್ಟಾಪ್ ಒತ್ತಿದಾಗ ಶಾಕಿನ ಎರಡು ಕಣ್ಣುಗಳ (ತುದಿಯ ಬೋಲ್ಟ್ ತೂತು) ನಡುವೆ 385 ಮಿ.ಮೀ., ಚಕ್ರ ಪೂರ್ತಿ ಇಳಿದಾಗ 583. ತರಿಸಿದ ಶಾಕ್ ಮುಚ್ಚಿದಾಗ 372, ತೆರೆದಾಗ 588. ಮುಚ್ಚಿದಾಗ 10 ಮಿ.ಮೀ. ಆದರೂ ಉಳಿಯಲೇಬೇಕು. ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಶಾಕ್ ತಳ ಬಡಿದರೆ ಒಂದೇ ಏಟಿಗೆ ಮುಗಿಯಿತು.

ಇನ್ನೊಂದು ಕಾರಣ, ಇದನ್ನು ಬಿಚ್ಚಿ ಸರಿಮಾಡಬಹುದು. ಸೀಲು ಹೋದರೆ ಸೀಲು, ಎಣ್ಣೆ ಹಾಳಾದರೆ ಎಣ್ಣೆ. ಕಂಪನಿ ಶಾಕನ್ನು ಗುಜರಿಗೆ ಹಾಕುವುದೇ.

ಕೂರಿಸುವಾಗ ನಮ್ಮ ಕರಾವಳಿಯ ಉಪ್ಪುಗಾಳಿಯನ್ನು ಮರೆಯಬಾರದು. ರಿಸರ್ವಾಯರ್ ಅಲ್ಯೂಮಿನಿಯಂ, ಕ್ಲ್ಯಾಂಪ್ ಸ್ಟೇನ್‌ಲೆಸ್, ಚಾಸಿ ಉಕ್ಕು. ಈ ಮೂರು ಒಂದನ್ನೊಂದು ಮುಟ್ಟಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಬಂದರಿನ ಬೋಟ್ ಸಾಮಾನಿನ ಅಂಗಡಿಯಲ್ಲಿ ದಪ್ಪ ರಬ್ಬರ್ ಪಟ್ಟಿ, ಮೆರೈನ್ ಗ್ರೀಸ್ ತಂದು ನಡುವೆ ಕೊಟ್ಟೆ. ಬ್ರೇಕ್ ಹೋಸ್ ಮತ್ತು ಎಬಿಎಸ್ ವಯರ್ ಚಕ್ರ ಪೂರ್ತಿ ಇಳಿದಾಗ ಎಳೆಯುತ್ತಿದೆಯಾ ಅಂತಲೂ ನೋಡಿದೆ. ವಯರಿನ ಒಂದು ಕ್ಲಿಪ್ ಸರಿಸಬೇಕಾಯಿತು.

ಪರೀಕ್ಷೆಗೆ ಬೀಚಿಗೆ ಇಳಿಯಲಿಲ್ಲ. ಅಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ, ಜನ ಓಡಾಡುತ್ತಾರೆ. ನನಗೆ ಬೇಕಾದದ್ದು ಮೂಡಬಿದ್ರೆ ಕಡೆಯ ಒಂದು ಮುರಕಲ್ಲಿನ ಕೋರೆಯಲ್ಲಿ ಸಿಕ್ಕಿತು. ಕಲ್ಲು ಹೊತ್ತ ಲಾರಿಗಳು ಓಡಾಡಿ ಕೆಂಪು ದಾರಿಯಲ್ಲಿ ರಾಮಗಢದಂಥದ್ದೇ ಅಲೆ ಎದ್ದಿತ್ತು. ಅಳೆದರೆ ಒಂದು ಅಲೆಯಿಂದ ಇನ್ನೊಂದಕ್ಕೆ ಸುಮಾರು 70 ಸೆಂ.ಮೀ. ಕೋರೆಯವರು ಭಾನುವಾರ ಓಡಿಸಲು ಒಪ್ಪಿದರು.

ಗಂಟೆಗೆ 25 ಕಿ.ಮೀ. ವೇಗದಲ್ಲಿ ಚಕ್ರಕ್ಕೆ ಸೆಕೆಂಡಿಗೆ 10 ಏಟು. ಪಿಕಪ್‌ನ ಗಟ್ಟಿ ಆ್ಯಕ್ಸಲ್ ಟಯರಿನ ಮೇಲೆ ತಾನಾಗಿ ಪುಟಿಯುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಆ ವೇಗದಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತದೆ. 60ಕ್ಕೆ ಹೋದರೆ 24 ಏಟು, ಆ್ಯಕ್ಸಲ್ ಪ್ರತಿ ಅಲೆಯ ತಳಕ್ಕೂ ಇಳಿಯುವುದಿಲ್ಲ, ಮೇಲೆ ತೇಲುತ್ತದೆ. ಆದರೆ ಹಿಡಿತವೂ ತೇಲುತ್ತದೆ, ತಿರುವಿನಲ್ಲಿ ಅಪಾಯ. ನಾನು 40ಕ್ಕೆ ನಿಲ್ಲಿಸಿ 12 ಕಿ.ಮೀ. ಸುತ್ತು ಹೊಡೆದೆ. ಹೊರಗೆ 33 ಡಿಗ್ರಿ. ಹಳೆಯ ಮಾದರಿಯ ಶಾಕ್ ಹಾಕಿಕೊಂಡು ಮೊದಲೊಂದು ಸುತ್ತು ಮಾಡಿದ್ದೆ, ಇನ್‌ಫ್ರಾರೆಡ್ ಥರ್ಮಾಮೀಟರ್ 98 ಡಿಗ್ರಿ ತೋರಿಸಿತ್ತು. ಹೊಸದರ ಮೈ 71, ರಿಸರ್ವಾಯರ್ 49. ಸಾಮಾನ್ಯ ನೈಟ್ರೈಲ್ ರಬ್ಬರ್ ಸೀಲು ಒಂದು ನೂರು ಡಿಗ್ರಿ ದಾಟಿದ ಮೇಲೆ ಗಟ್ಟಿಯಾಗತೊಡಗುತ್ತದೆ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಅಂಥ ದಿನದಲ್ಲಿ ಆ 98 ಎಲ್ಲಿಗೆ ಹೋಗುತ್ತಿತ್ತು ಅಂತ ಯೋಚಿಸಿ ನೋಡಿ.

ಬಿಸಿ ಕಡಿಮೆಯಾದರೂ ಇನ್ನೊಂದು ತೊಂದರೆ ಕಂಡಿತು. ಅಲೆಯಲ್ಲಿ ಹೋಗುತ್ತ ಹೋಗುತ್ತ ಹಿಂಭಾಗ ಕುಸಿಯುತ್ತಿತ್ತು, ಕೊನೆಗೆ ತಳ ಬಡಿಯುತ್ತಿತ್ತು. ಗೆಳೆಯ ಪಕ್ಕದಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿದ. ನೋಡಿದರೆ, ಏಟು ತಿಂದು ಮೇಲೆ ಹೋದ ಚಕ್ರ ಕೆಳಗಿಳಿದು ಮುಗಿಸುವ ಮೊದಲೇ ಮುಂದಿನ ಏಟು ಬರುತ್ತಿದೆ. ಹೀಗೆ ಸ್ವಲ್ಪ ಸ್ವಲ್ಪವೇ ಓಟ ತಿಂದುಹೋಗುತ್ತದೆ. ರಿಬೌಂಡ್, ಅಂದರೆ ಶಾಕ್ ಮತ್ತೆ ಹಿಗ್ಗುವಾಗಿನ ತಡೆ, ಜಾಸ್ತಿ ಬಿಗಿ ಅಂತ ಅರ್ಥ. ಹೊರಗಿನ ನಾಬ್ ಕಂಪ್ರೆಷನ್‌ಗೆ (ಕುಗ್ಗುವಾಗಿನ ತಡೆಗೆ) ಮಾತ್ರ, ರಿಬೌಂಡ್ ಒಳಗಿನ ಶಿಮ್ ಎಂಬ ಬಿಲ್ಲೆಗಳಲ್ಲಿ.

ಬಿಚ್ಚಿದೆ. ಮೊದಲು ಗ್ಯಾಸ್ ಪೂರ್ತಿ ಬಿಟ್ಟು, ಆಮೇಲೆ ಮುಚ್ಚಳ. ಈ ಕ್ರಮ ತಪ್ಪಿದರೆ ಪ್ರಾಣಕ್ಕೇ ಅಪಾಯ, ದಯವಿಟ್ಟು ನೆನಪಿಡಿ. ಪಿಸ್ಟನ್ ಮೇಲೆ ತೆಳು ಬಿಲ್ಲೆಗಳ ಗೋಪುರ. ರಿಬೌಂಡ್ ಬದಿಯ 0.20 ಮಿ.ಮೀ. ದಪ್ಪದ ಎರಡು ಬಿಲ್ಲೆ ತೆಗೆದು 0.15ರದ್ದು ಹಾಕಿದೆ. ಇಲ್ಲೂ ಅದೇ ಘನದ ಲೆಕ್ಕ, ಆ ಬಿಲ್ಲೆಯ ಗಟ್ಟಿತನ ಅರ್ಧಕ್ಕೂ ಕೆಳಗೆ ಬರುತ್ತದೆ. ಹೊಸ ಎಣ್ಣೆ ಹಾಕಿ, ಗುಳ್ಳೆ ಹೋಗುವ ತನಕ ನಿಧಾನವಾಗಿ ಪಂಪ್ ಮಾಡಿ ಮುಚ್ಚಿದೆ.

ಆಮೇಲೆ ನೈಟ್ರೋಜನ್. 200 ಪಿಎಸ್‌ಐ ಬೇಕು. ಟಯರ್ ಅಂಗಡಿಯ ನೈಟ್ರೋಜನ್ ಅಲ್ಲಿಗೆ ತಲುಪುವುದಿಲ್ಲ. ಎರಡು ದಿನ ಅಲೆದ ಮೇಲೆ ಹೊಳೆಯಿತು: ಏಸಿ ರಿಪೇರಿಯವರು ಪೈಪಿನ ಸೋರಿಕೆ ನೋಡಲು ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್ ಇಟ್ಟಿರುತ್ತಾರೆ ಅಲ್ವಾ? ಕಂಕನಾಡಿಯ ಒಬ್ಬ ಮೆಕ್ಯಾನಿಕ್ ಸಂತೋಷದಿಂದ ಒಪ್ಪಿದರು. ಅವರ ಹೋಸ್ ನನ್ನ ವಾಲ್ವಿಗೆ ಕೂರಲು ಒಂದು ಅಡಾಪ್ಟರ್ ಸಾಕಾಯಿತು. ಹತ್ತು ನಿಮಿಷದ ಕೆಲಸ. ಚಹಾ ಕುಡಿದು ಬಂದೆ.

ಮುಂದಿನ ಭಾನುವಾರ ಕೋರೆಯಲ್ಲಿ ಅದೇ ಸುತ್ತು, ಅದೇ 40. ಕುಸಿತ ನಿಂತಿತು. ಶಾಕಿನ ದಂಡಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಟ್ಯಾಗ್ ಕೊನೆಯ 40 ಮಿ.ಮೀ. ಓಟ ಮುಟ್ಟದೆ ಉಳಿದದ್ದನ್ನು ತೋರಿಸಿತು. ಆ 40 ಹುಲ್ಲಿನ ಗುಪ್ಪೆಗಳಿಗೆ ಅಂತ ಇಟ್ಟೆ. ವೀಲ್ ಅಲೈನ್‌ಮೆಂಟ್ ಮಾಡಿಸಿ, ಜನವರಿ ಮೊದಲ ವಾರ ಹೊರಟೆವು.

ಥಾರ್‌ನಲ್ಲಿ ಮೂರು ದಿನ. ಸಮ್ ಮತ್ತು ಖೂರಿ ಬದಿಯ ಡೆಸರ್ಟ್ ನ್ಯಾಷನಲ್ ಪಾರ್ಕ್ ಪ್ರದೇಶದಲ್ಲಿ ದಾರಿ ಬಿಟ್ಟು ಇಳಿಯಲಿಲ್ಲ, ಅದು ಅಳಿವಿನಂಚಿನ ಗೋಡಾವಣ ಹಕ್ಕಿಯ ನೆಲೆ. ರಾಮಗಢದ ಅದೇ ಜಲ್ಲಿ ದಾರಿಯಲ್ಲಿ ಈ ಸಲ ಒಂದೂವರೆ ಗಂಟೆ ನಿಲ್ಲಿಸದೆ ಓಡಿಸಿದೆ. ಹಿಂದಿನ ಸಲ ನಿಂತ ಜಾಗ ದಾಟಿದಾಗ ಗೆಳೆಯ ಡ್ಯಾಶ್‌ಬೋರ್ಡ್ ಮೇಲೆ ಎರಡು ಸಲ ತಟ್ಟಿದ. ಇಳಿದು ಅಳೆದೆ, ಹಿಂದಿನ ಶಾಕ್ 76 ಡಿಗ್ರಿ. ಮುಂದಿನ ಫೋಮ್ ಸೆಲ್ 84. ಅದು ಊಟ ಮುಗಿಸಿ ಬಂದಾಗಲೂ ಬೆಚ್ಚಗೇ ಇತ್ತು. ಒಂದು ಗುಪ್ಪೆಗೆ ಮಾತ್ರ ಜೋರಾಗಿ ಬಡಿಯಿತು, ಟ್ಯಾಗ್ ಕೊನೆಯ 8 ಮಿ.ಮೀ. ತನಕ ಹೋಗಿತ್ತು.

ಊರಿಗೆ ಬಂದು ಫೆಬ್ರವರಿಯಲ್ಲಿ ಹಿಂದಿನ ಎರಡನ್ನೂ ಮತ್ತೆ ಬಿಚ್ಚಿದೆ. ಬಲಗಡೆಯ ಎಣ್ಣೆ ಸ್ವಲ್ಪ ಕಂದು, ಪಾರದರ್ಶಕ. ಎಡಗಡೆಯದು ಬೂದು ಬಣ್ಣಕ್ಕೆ ತಿರುಗಿತ್ತು. ಪಿಸ್ಟನ್ ಸುತ್ತಿನ ಬ್ಯಾಂಡ್ ಒಂದು ಬದಿ ಸವೆದಿದೆ. ಕಾರಣ ಹುಡುಕಿದರೆ, ಎಡಗಡೆ ಕೆಳಗಿನ ಬುಷ್ ಸಡಿಲವಾಗಿ ಶಾಕ್ ಸ್ವಲ್ಪ ಓರೆಯಾಗಿ ಓಡಿತ್ತು. ರಿಸರ್ವಾಯರ್ ಹೋಸ್ ಚಾಸಿಯ ಅಂಚಿಗೆ ಉಜ್ಜಿದ ಗುರುತೂ ಅದೇ ಬದಿಯಲ್ಲಿ. ಬುಷ್, ಬ್ಯಾಂಡ್, ಎರಡೂ ಕಡೆ ಸೀಲು ಬದಲಿಸಿದೆ, ಹೋಸಿಗೆ ಒಂದು ತೋಳು ಹಾಕಿ ಎರಡು ಇಂಚು ಹಿಂದಕ್ಕೆ ಕಟ್ಟಿದೆ. ನಿನ್ನೆ ಸಂಜೆ ಕಂಕನಾಡಿಗೆ ಹೋಗಿ ಗ್ಯಾಸ್ ತುಂಬಿಸಿ ಬಂದೆ. ಎರಡೂ ರಿಸರ್ವಾಯರ್ ಮೇಲೆ ಮಾರ್ಕರಿನಲ್ಲಿ ತಾರೀಕು, ಕಿ.ಮೀ., 200 ಅಂತ ಬರೆದಿಟ್ಟಿದ್ದೇನೆ.